ಮನೆಯ ಕೆಲಸದ ಕೋಣೆಗೆ ಮೆಲುದನಿಯ ಗಾಳಿಯಂತ್ರ

ಬೇಲೂರು ಹಳೇಬೀಡುಗಳ ಹೆಸರನ್ನು ಕೇಳಿದೊಡನೆಯೇ ವಾಚಕರ ಮನಸ್ಸು ಮದನಿಕೆಗಳ ಕಡೆಗೂ ಆನೆಗಳ ಸಾಲಿನ ಕಡೆಗೂ ಓಡುವುದು ಸಹಜವಾಗಿದೆ. 1117ರಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದಾಗಲೂ, ಆಮೇಲೆ ಹೊಯ್ಸಳೇಶ್ವರನ ಗುಡಿ ಏಳುತ್ತಿದ್ದಾಗಲೂ ಆ ಊರುಗಳಲ್ಲಿ ಹಗಲೆಲ್ಲವೂ ಕೇಳಿಬರುತ್ತಿದ್ದ ಸದ್ದು ಉಳಿ ಸುತ್ತಿಗೆಗಳದಾಗಿದ್ದಿರಬೇಕು. ಯಂತ್ರವೆಂಬುದು ಆ ಶಿಲ್ಪಿಗಳಿಗೆ ತೀರ ಅಪರಿಚಿತವಾಗಿತ್ತೆಂದೂ ತಿಳಿಯಬೇಕಾಗಿಲ್ಲ. ನವರಂಗದ ಆ ನುಣುಪಾದ ದುಂಡು ಕಂಬಗಳನ್ನು ಚರಕಿಯಂತಹ ಯಂತ್ರದಲ್ಲಿ ತಿರುಗಿಸಿಯೇ ಕಡೆದಿರಬೇಕೆಂದು ವಿದ್ವಾಂಸರು ಊಹಿಸಿರುವರು. 2023ರಲ್ಲಿ ಯುನೆಸ್ಕೋ ಸಂಸ್ಥೆಯು ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಗುಡಿಯ ಕೀರ್ತಿಯು ಹೀಗೆ ಬೆಳೆಯುತ್ತಿರಲು, ಆ ಗುಡಿಯ ಸುತ್ತಲಿನ ಬೀದಿಗಳಲ್ಲಿ ಮನೆಯೊಳಗೇ ಕುಳಿತು ಕೈಕೆಲಸ ಮಾಡಿ ಜೀವಿಸಬೇಕೆನ್ನುವವನ ಒಂದು ಸಣ್ಣ ತೊಡಕನ್ನು ಕುರಿತು ನಾವು ಇಲ್ಲಿ ಬರೆಯುವೆವು. ಆ ತೊಡಕೆಂದರೆ ಗಾಳಿಯಂತ್ರದ, ಎಂದರೆ ಕಂಪ್ರೆಸ್ಸರಿನ, ಗಲಾಟೆ.

ಕಮ್ಮಾರನ ತಿದಿಯನ್ನು ಕಾಣದ ವಾಚಕರು ನಮ್ಮಲ್ಲಿ ವಿರಳ. ತಿದಿಯು ಗಾಳಿಯನ್ನು ಎಳೆದುಕೊಂಡು ಆಗಿಂದಾಗಲೇ ಕುಲುಮೆಗೆ ಊದಿಬಿಡುವುದು. ಕಂಪ್ರೆಸ್ಸರಾದರೋ ಎಳೆದುಕೊಂಡ ಗಾಳಿಯನ್ನು ಒಂದು ಉಕ್ಕಿನ ಹಂಡೆಯೊಳಗೆ ಒತ್ತಿ ಒತ್ತಿ ತುಂಬಿಡುವುದು. ವ್ಯತ್ಯಾಸವು ಇಷ್ಟೇ. ಹಂಡೆಯು ತುಂಬಿದ ಮೇಲೆ ಮೋಟಾರು ತಾನಾಗಿಯೇ ನಿಲ್ಲುವುದು. ಗಾಳಿ ಖರ್ಚಾಗಿ ಒತ್ತಡವು ಇಳಿದರೆ ತಾನಾಗಿಯೇ ಹೊರಡುವುದು. ಕಲ್ಲಿನ ಮೇಲೆ ಗಾಳಿಸುತ್ತಿಗೆಯನ್ನು ಆಡಿಸುವುದಕ್ಕೂ, ಮರದ ಮೇಲೆ ಮೆರುಗೆಣ್ಣೆಯನ್ನು ಸಿಂಪಡಿಸುವುದಕ್ಕೂ, ಗೌರಿ ಗಣೇಶರ ಮೂರ್ತಿಗಳಿಗೆ ಬಣ್ಣದ ಛಾಯೆ ಕೊಡುವುದಕ್ಕೂ, ಕಡೆಗೆ ಸ್ಕೂಟರಿನ ಚಕ್ರಕ್ಕೆ ಗಾಳಿ ತುಂಬುವುದಕ್ಕೂ ಈ ಒಂದೇ ಯಂತ್ರವು ಒದಗುವುದಾದ್ದರಿಂದ ಅದು ಅಂಗಡಿಗಳಿಂದ ಮನೆಗಳಿಗೆ ಕಾಲಿಡುತ್ತಿರುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅಂಗಡಿಯ ಬೀದಿಯಲ್ಲಿ ಯಾರಿಗೂ ಕೇಳಿಸದ ಸದ್ದು ಮನೆಯ ಬೀದಿಯಲ್ಲಿ ಎಲ್ಲರಿಗೂ ಕೇಳಿಸುತ್ತದೆ. ನಮ್ಮ ಸಣ್ಣ ಊರುಗಳ ಹಳೆಯ ಕೇರಿಗಳಲ್ಲಿ ಎರಡು ಮನೆಗಳಿಗೆ ನಡುಗೋಡೆ ಒಂದೇ. ಈಚೆ ಮನೆಯಲ್ಲಿ ಒನಕೆ ಹಾಕಿದರೆ ಆಚೆ ಮನೆಯ ನಾಗಂದಿಗೆಯ ಮೇಲಿನ ಪಾತ್ರೆಗಳು ಅಲುಗುವುವು. ಅಂಥಲ್ಲಿ ಕಂಪ್ರೆಸ್ಸರು ಗುಡುಗುಟ್ಟಿದರೆ ಮೊದಲ ದಿನ ನೆರೆಯವರು ಕುತೂಹಲದಿಂದ ಇಣುಕುವರು, ಎರಡನೆಯ ವಾರ ಮುಖ ತಿರುಗಿಸುವರು, ಪರೀಕ್ಷೆಯ ತಿಂಗಳು ಬಂದಾಗ ಪುರಸಭೆಗೋ ಠಾಣೆಗೋ ಅರ್ಜಿ ಬರೆಯುವರು. ಅವರದು ತಪ್ಪೆಂದು ಹೇಳಲಾರೆವು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಬೀದಿಗಳಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗ್ಗೆ 6ರ ವರೆಗೆ 45 ಡೆಸಿಬೆಲ್ ಮಿತಿಯೆಂದು ಗೊತ್ತುಮಾಡಲ್ಪಟ್ಟಿದೆ. ಸಾಲ ಮಾಡಿ ಯಂತ್ರವನ್ನು ಕೊಂಡವನು ಈ ಕಾರಣದಿಂದ ಅದನ್ನು ಮೂಲೆಗೆ ತಳ್ಳಬೇಕಾಗಿ ಬಂದರೆ ಹೋಗುವುದು ಯಂತ್ರದ ಬೆಲೆ ಮಾತ್ರವಲ್ಲ, ಮನೆಯಲ್ಲಿ ಕುಳಿತು ದುಡಿಯುವ ಸೌಕರ್ಯವೇ ಹೋಗುವುದು.

ಹೀಗಿರಲು, ಅಂಗಡಿಯವನು "ಇದು ಸದ್ದಿಲ್ಲದ ಯಂತ್ರ" ಎಂದು ತೋರಿಸುವ ಚೀಟಿಯನ್ನು ಓದುವ ಬಗೆಯನ್ನು ಮೊದಲು ತಿಳಿದಿರಬೇಕು. ಡೆಸಿಬೆಲ್ ಎಂಬ ಅಳತೆಯು ಸೇರು ಪಾವುಗಳಂತೆ ಏರುವುದಲ್ಲ. 10 ಡೆಸಿಬೆಲ್ ಹೆಚ್ಚಿದರೆ ಕಿವಿಗೆ ಸದ್ದು ಸುಮಾರಾಗಿ ಇಮ್ಮಡಿಯಾದಂತೆ ತೋರುವುದು. ಬಯಲಿನಲ್ಲಿ ದೂರವು ಇಮ್ಮಡಿಯಾದಂತೆಲ್ಲ 6 ಡೆಸಿಬೆಲ್ ಇಳಿಯುವುದು. ಆದಕಾರಣ ಎಷ್ಟು ದೂರದಿಂದ ಅಳೆದರೆಂಬುದನ್ನು ಹೇಳದ ಡೆಸಿಬೆಲ್ ಸಂಖ್ಯೆಯು ಊರಿನ ಹೆಸರಿಲ್ಲದ ವಿಳಾಸದಂತೆ. ಒಬ್ಬನು 4 ಮೀಟರು ದೂರದಲ್ಲಿ ನಿಂತು 60 ಎಂದು ಬರೆದರೆ ಅದೇ ಯಂತ್ರವು 1 ಮೀಟರಿನಲ್ಲಿ 72 ಆಗುವುದು. ಇನ್ನೊಬ್ಬನು ಪ್ರಾಮಾಣಿಕವಾಗಿ 1 ಮೀಟರಿನಲ್ಲಿ ಅಳೆದು 70 ಎಂದು ಬರೆದಿದ್ದರೆ ಕೊಳ್ಳುವವನು ಮೊದಲಿನದನ್ನೇ ಮೆಲುದನಿಯದೆಂದು ತಿಳಿದು ಮೋಸ ಹೋಗುವನು. ನಿಯಮದ ಮಿತಿಗೆ ಹೋಲಿಸಿ ನೋಡಿದರೆ, 1 ಮೀಟರಿನಲ್ಲಿ 75 ಇರುವ ಯಂತ್ರವು 10 ಮೀಟರು ಬಯಲಿನಾಚೆ 55ಕ್ಕೆ ಇಳಿಯುವುದು. ಅರಸೀಕೆರೆಯ ಹೊರವಲಯದಲ್ಲಿ ತೆಂಗಿನ ತೋಟದ ನಡುವೆ ಮನೆಯಿರುವವನಿಗೆ ಇದು ಸಾಕು. ಬೇಲೂರಿನ ರಥಬೀದಿಯಂತಹ ಎಡೆಯಲ್ಲಿ ನೆರೆಮನೆಯ ಕಿಟಕಿಯು 3 ಮೀಟರು ದೂರವಿದ್ದರೆ ಅದು 65ರಷ್ಟು ಕೇಳಿಸುವುದು; ಇದು ಏನೇನೂ ಸಾಲದು.

ಇಷ್ಟನ್ನು ಹೇಳಿದ ಮೇಲೆ ಯಾವ ಯಂತ್ರವೆಂಬ ಪ್ರಶ್ನೆಗೆ ಬರಬಹುದಾದರೂ ಅದಕ್ಕಿಂತ ಮೊದಲು ಯಾವ ಕೆಲಸವೆಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅವಶ್ಯ. ನಮ್ಮ ಅಭಿಪ್ರಾಯದಲ್ಲಿ ಗಲಾಟೆಯ ಕಾರಣವು ಬಹುಮಟ್ಟಿಗೆ ಇಲ್ಲಿಯೇ ಇರುವುದು. ಹೆಚ್ಚು ಕುದುರೆಶಕ್ತಿಯಿದ್ದರೆ ಒಳ್ಳೆಯದೆಂದು ಬಗೆದು ಬೇಡದ ದೊಡ್ಡ ಯಂತ್ರವನ್ನು ತರುವುದು ಒಂದು ಬಗೆ. ಅಗ್ಗವೆಂದು ಚಿಕ್ಕದನ್ನು ತಂದು ಅದನ್ನು ಇಡೀ ದಿನ ಬಿಡುವಿಲ್ಲದೆ ಓಡಿಸುವುದು ಇನ್ನೊಂದು ಬಗೆ. ಎರಡರಲ್ಲಿಯೂ ನೆರೆಯವರಿಗೆ ನಿದ್ದೆಯಿಲ್ಲ.

ಕಲ್ಲುಕೆಲಸವನ್ನೇ ತೆಗೆದುಕೊಳ್ಳೋಣ. ಹೊಯ್ಸಳರ ಗುಡಿಗಳ ಬಳಪದ ಕಲ್ಲು ಮೃದುವಾದುದು. ಸೂಕ್ಷ್ಮವಾದ ಕುಸುರಿಗೆ ಇಂದಿಗೂ ಕೈಯುಳಿಯನ್ನು ಮೀರಿಸಿದುದಿಲ್ಲವೆಂದೇ ಹೇಳಬಹುದು. ಗಾಳಿಸುತ್ತಿಗೆಯು ಬೇಕಾಗುವುದು ದಿಮ್ಮಿಯಿಂದ ಬೇಡದ ಭಾಗವನ್ನು ಹೊಡೆದು ತೆಗೆಯುವಾಗ, ಅಥವಾ ಗಟ್ಟಿಯಾದ ಕರಿಕಲ್ಲಿನಲ್ಲಿ ಕೆಲಸ ಮಾಡುವಾಗ. ಸಣ್ಣ ಗಾಳಿಸುತ್ತಿಗೆಯೊಂದು ನಿಮಿಷಕ್ಕೆ ಸುಮಾರು 4 ಘನ ಅಡಿ, ಎಂದರೆ 113 ಲೀಟರು ಗಾಳಿಯನ್ನು ಕುಡಿಯುವುದೆಂದು ಇಟ್ಟುಕೊಳ್ಳಿರಿ. ಪೇಟೆಯಲ್ಲಿ ಸಾಮಾನ್ಯವಾಗಿ ದೊರೆಯುವ 24 ಲೀಟರಿನ ಹಂಡೆಯಲ್ಲಿ ಒತ್ತಡವು 8 ಕಿಲೋವಿನಿಂದ 5 ಕಿಲೋವಿಗೆ ಇಳಿಯುವ ತನಕ ದೊರೆಯುವ ಗಾಳಿಯು ಮೂರಿಪ್ಪತ್ನಾಲ್ಕು 72 ಲೀಟರು ಮಾತ್ರ. ಅದು 40 ಸೆಕೆಂಡಿಗೂ ಬಾರದು. ಆದ್ದರಿಂದ ಇಂಥ ಕೆಲಸದಲ್ಲಿ ಹಂಡೆಯ ಗಾತ್ರವನ್ನು ನಂಬಿ ಫಲವಿಲ್ಲ. ಯಂತ್ರವೇ ನಿಮಿಷ ನಿಮಿಷವೂ ಅಷ್ಟು ಗಾಳಿಯನ್ನು ಒದಗಿಸಬೇಕು. ಒಂದು ಕುದುರೆಶಕ್ತಿಗೆ ಮೂರು ನಾಲ್ಕು ಘನ ಅಡಿ ಗಾಳಿ ದೊರೆಯುವುದು ವಾಡಿಕೆ. ಚಿಕ್ಕ ಯಂತ್ರಗಳಿಗೆ ನಡುನಡುವೆ ವಿಶ್ರಾಂತಿಯೂ ಬೇಕಾದುದರಿಂದ ಬೇಕಾದುದಕ್ಕಿಂತ ಒಂದೂವರೆ ಪಾಲು ಒದಗಿಸುವ, ಎಂದರೆ ಸುಮಾರು 2 ಕುದುರೆಶಕ್ತಿಯ ಯಂತ್ರವೇ ತಕ್ಕದು. ಇದು ಎಷ್ಟಾದರೂ ಸದ್ದು ಮಾಡಿಯೇ ತೀರುವುದು. ಅಲ್ಲದೆ ಉಳಿಯು ಕಲ್ಲಿನ ಮೇಲೆ ಕುಟ್ಟುವ ಸದ್ದು ಬೇರೆ ಉಂಟು; ಯಂತ್ರವನ್ನು ಎಷ್ಟು ಮೆತ್ತಗೆ ಮಾಡಿದರೂ ಆ ಸದ್ದಿಗೆ ಔಷಧವಿಲ್ಲ.

ಗಾಳಿಸುತ್ತಿಗೆಯ ವಿಷಯದಲ್ಲಿ ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುವೆವು. ಅಮೆರಿಕದ ಇಂಡಿಯಾನ ಸಂಸ್ಥಾನದ ಬೆಡ್‌ಫರ್ಡ್ ಎಂಬಲ್ಲಿ ಸುಣ್ಣಕಲ್ಲು ಕಡಿಯುವವರನ್ನು 1918ರಲ್ಲಿ ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್ ಎಂಬ ಮಹಿಳೆಯು ಪರೀಕ್ಷಿಸಿದಳು. ಗಾಳಿಸುತ್ತಿಗೆ ಹಿಡಿದವರ ಬೆರಳುಗಳು, ಅದರಲ್ಲಿಯೂ ಉಳಿಯನ್ನು ಹಿಡಿಯುವ ಎಡಗೈಯವು, ಚಳಿಯ ಬೆಳಗುಗಳಲ್ಲಿ ರಕ್ತವಿಲ್ಲದೆ ಬೆಳ್ಳಗಾಗಿ ಮರಗಟ್ಟುತ್ತಿದ್ದುವು. ಬೆರಳೇ ಬಂಡವಾಳವಾದ ಶಿಲ್ಪಿಗೆ ಇದಕ್ಕಿಂತ ದೊಡ್ಡ ನಷ್ಟವುಂಟೆ? ಬೇಲೂರಿನ ಧನುರ್ಮಾಸದ ಚಳಿಯಲ್ಲಿ ಗಾಳಿಸುತ್ತಿಗೆ ಹಿಡಿಯುವವನು ಕೈಯನ್ನು ಬೆಚ್ಚಗೆ ಇಟ್ಟುಕೊಂಡು ನಡುನಡುವೆ ಬಿಡುವು ಕೊಡುವುದು ಒಳ್ಳೆಯದು.

ಬಣ್ಣದ ಕೆಲಸದವನ ಪಾಡು ಇದಕ್ಕಿಂತ ಎಷ್ಟೋ ಮೇಲು. ಮೆಲುದನಿಯ ಯಂತ್ರದ ಪೂರ್ಣ ಪ್ರಯೋಜನವು ಅವನಿಗೇ ಉಂಟು. ಚಿತ್ರಗಾರನ ಗಾಳಿಕುಂಚವು ನಿಮಿಷಕ್ಕೆ 15 ಲೀಟರಿನಷ್ಟು ಗಾಳಿಯಲ್ಲಿಯೇ ತೃಪ್ತಿಪಡುವುದು. ಇವನು 100 ಲೀಟರಿನ ದೊಡ್ಡ ಹಂಡೆಯನ್ನು ಇಟ್ಟುಕೊಂಡು ಹಗಲಿನಲ್ಲಿ, ಬೀದಿಯಲ್ಲಿ ಹೇಗೂ ಸದ್ದಿರುವ ಹೊತ್ತಿನಲ್ಲಿ, 8 ಕಿಲೋ ಒತ್ತಡಕ್ಕೆ ತುಂಬಿಟ್ಟರೆ 3 ಕಿಲೋವಿಗೆ ಇಳಿಯುವ ತನಕ 500 ಲೀಟರು ಗಾಳಿ ಕೈಯಲ್ಲಿರುವುದು. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆಗೂ ಮಿಗಿಲಾಗಿ ಮೋಟಾರನ್ನು ಮುಟ್ಟದೆಯೇ ಗಣೇಶನ ಕಣ್ಣು ತಿದ್ದಬಹುದು. ವಿದ್ಯುಚ್ಛಕ್ತಿಯು ಕೈಕೊಟ್ಟ ಸಂಜೆಗಳಲ್ಲಿಯೂ ಈ ಗಾಳಿಯು ಕೈಕೊಡದು. ಸದ್ದಿಲ್ಲದ ಯಂತ್ರವೆಂದರೆ ನಿಜವಾಗಿ ಓಡದೆ ನಿಂತಿರುವ ಯಂತ್ರವೇ ಅಲ್ಲವೆ! ಗಾಳಿಕುಂಚಕ್ಕೆ ಮಾತ್ರ ಬೇಕಾದವರು ರೆಫ್ರಿಜರೇಟರಿನ ಒಳಗಿರುವಂತಹ ಮುಚ್ಚಿದ ಮೋಟಾರಿನ ಯಂತ್ರವನ್ನೂ ಕೊಳ್ಳಬಹುದು. ಅದರ ಸದ್ದು ನಮ್ಮ ಅಡುಗೆಮನೆಯ ತಂಪುಪೆಟ್ಟಿಗೆಯದಕ್ಕಿಂತ ಬಹಳ ಹೆಚ್ಚಿರುವುದಿಲ್ಲ. ಆದರೆ ಅದು ಕೊಡುವ ಗಾಳಿ ಸ್ವಲ್ಪ; ಕಪಾಟಿಗೆ ಮೆರುಗೆಣ್ಣೆ ಹೊಡೆಯುವ ದೊಡ್ಡ ತುಂತುರುಬಂದೂಕಿಗೆ ಸಾಲದು.

ಇನ್ನು ಯಂತ್ರದ ಜಾತಿ. ನಮ್ಮ ದೇಶದ ವಿದ್ಯುತ್ತಿನಲ್ಲಿ ಮೋಟಾರುಗಳು ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗುವವೆಂದೂ ಸುಮಾರು 1,400 ಸುತ್ತು ತಿರುಗುವವೆಂದೂ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಅಗ್ಗ, ಹಗುರ, ಚೀರುದನಿಯದು. ಅದರ ಸದ್ದು 1 ಮೀಟರಿನಲ್ಲಿ 80 ಡೆಸಿಬೆಲನ್ನು ಸಲೀಸಾಗಿ ದಾಟುವುದು. ಎರಡನೆಯದು ಭಾರ, ಬೆಲೆಯೂ ಹೆಚ್ಚು. ಆದರೆ ದಂತವೈದ್ಯರ ಕೋಣೆಗಳಲ್ಲಿ ಇಡುವ ಎಣ್ಣೆಯಿಲ್ಲದ ಯಂತ್ರಗಳು ಈ ಜಾತಿಯವೇ, ಅವುಗಳ ಎದುರಿನಲ್ಲಿ ನಿಂತು ಮಾತನಾಡಬಹುದು. ಮೂರನೆಯದೊಂದುಂಟು: ಪಟ್ಟಿಯ ಮೂಲಕ ನಿಧಾನವಾಗಿ ತಿರುಗುವ, ಎಣ್ಣೆ ಹಾಕುವ, ಎರಕದ ಕಬ್ಬಿಣದ ಹಳೆಯ ಮಾದರಿಯ ಯಂತ್ರ. ಇದರ ದನಿಯು ದಪ್ಪ, ಆಯುಸ್ಸು ಬಹಳ, ರಿಪೇರಿಯನ್ನು ಅರಸೀಕೆರೆಯಂತಹ ಊರಿನಲ್ಲಿಯೇ ಮಾಡಿಸಬಹುದು. ಎಣ್ಣೆಯ ತುಂತುರು ಗಾಳಿಯೊಡನೆ ಬರುವುದೊಂದೇ ಇದರ ದೋಷ. ಕಲ್ಲಿಗೆ ಅದರಿಂದ ಬಾಧೆಯಿಲ್ಲ. ಬಣ್ಣದವನು ಮಾತ್ರ ಒಂದು ಶೋಧಕವನ್ನು ಹಾಕದೆ ಇದನ್ನು ಉಪಯೋಗಿಸಕೂಡದು. ಬಿಡುವಿಲ್ಲದೆ ಗಾಳಿ ಬೇಕಾದವನು ಈ ಮೂರನೆಯದನ್ನೂ, ಆಗಾಗ್ಗೆ ಸ್ವಲ್ಪ ಬೇಕಾದವನು ಎರಡನೆಯದನ್ನೂ ಕೊಳ್ಳಲೆಂಬುದು ನಮ್ಮ ಸಲಹೆ. ಮೊದಲನೆಯದನ್ನು ಮನೆಯೊಳಗೆ ತರುವ ಮುನ್ನ ಎರಡು ಸಲ ಯೋಚಿಸಲಿ.

ಅಂಗಡಿಯಲ್ಲಿ ನಿಂತು ಯಂತ್ರದ ಸತ್ಯವನ್ನು ಪರೀಕ್ಷಿಸುವುದಕ್ಕೆ ಕೈಗಡಿಯಾರವೊಂದೇ ಸಾಕು. ಹಂಡೆಯ ಗಾಳಿಯನ್ನೆಲ್ಲ ಬಿಡಿಸಿ ಯಂತ್ರವನ್ನು ಹೊರಡಿಸಿರಿ. 50 ಲೀಟರಿನ ಹಂಡೆಯು ಸೊನ್ನೆಯಿಂದ 8 ಕಿಲೋವಿಗೆ ಏರಲು 4 ನಿಮಿಷ ತೆಗೆದುಕೊಂಡರೆ, 50ನ್ನು 8ರಿಂದ ಗುಣಿಸಿ 4ರಿಂದ ಭಾಗಿಸಿದಾಗ 100 ಲೀಟರು ಬರುವುದು. ಯಂತ್ರವು ನಿಮಿಷಕ್ಕೆ ಕೊಡುವ ನಿಜವಾದ ಗಾಳಿ ಅಷ್ಟೇ, ಎಂದರೆ ಮೂರೂವರೆ ಘನ ಅಡಿ. ಚೀಟಿಯಲ್ಲಿ 6 ಘನ ಅಡಿ ಎಂದು ಬರೆದಿದ್ದರೆ ಅದು ಕೊಳವಿಯು ನುಂಗುವ ಲೆಕ್ಕವಲ್ಲದೆ ಹಂಡೆಗೆ ಸೇರುವ ಲೆಕ್ಕವಲ್ಲ. 6ರಿಂದ 8ಕ್ಕೆ ಏರುವ ಕಾಲವನ್ನು ಬೇರೆಯಾಗಿ ಗುರುತಿಸಿಕೊಂಡರೆ ಇನ್ನೂ ಉತ್ತಮ. ಒತ್ತಡವು ಏರಿದಾಗಲೇ ಯಂತ್ರದ ಬಣ್ಣ ಬಯಲಾಗುವುದು, ಸದ್ದೂ ಆಗಲೇ ಅತ್ಯಧಿಕ. ಕೈಫೋನಿನ ಶಬ್ದಮಾಪಕವು ನಿಖರವಲ್ಲದಿದ್ದರೂ ಎರಡು ಯಂತ್ರಗಳನ್ನು ಒಂದೇ ದೂರದಿಂದ ಹೋಲಿಸುವುದಕ್ಕೆ ಸಾಕಾಗುವುದು.

ಮನೆಗೆ ತಂದ ಮೇಲೆ ಅದನ್ನು ಎಲ್ಲಿ ಇಡಬೇಕು? ಒಳ್ಳೆಯ ಯಂತ್ರವನ್ನು ಕೆಟ್ಟ ಸ್ಥಳದಲ್ಲಿ ಇಡುವುದಕ್ಕಿಂತ ಸಾಧಾರಣವಾದುದನ್ನು ಒಳ್ಳೆಯ ಸ್ಥಳದಲ್ಲಿ ಇಡುವುದು ಮೇಲು. ನಡುಗೋಡೆಗೆ ಒರಗಿಸಲೇಕೂಡದು. ಹಿತ್ತಲಿನಲ್ಲಿ, ನೆರೆಯವರ ಮಲಗುವ ಕೋಣೆಗೆ ದೂರವಾಗಿ, ದಪ್ಪ ರಬ್ಬರಿನ ತುಂಡುಗಳ ಮೇಲೆ ನಿಲ್ಲಿಸಿ, ಅಲ್ಲಿಂದ ರಬ್ಬರು ಕೊಳವೆಯಲ್ಲಿ ಗಾಳಿಯನ್ನು ಒಳಕ್ಕೆ ತಂದುಕೊಳ್ಳುವುದು ಸರಿಯಾದ ಕ್ರಮ. ನಿಧಾನದ ಯಂತ್ರಗಳಲ್ಲಿ ಸದ್ದಿನ ಬಹುಪಾಲು ಗಾಳಿಯನ್ನು ಎಳೆದುಕೊಳ್ಳುವ ಬಾಯಿಯಿಂದ ಬರುವುದೆಂಬುದು ಅನೇಕರಿಗೆ ತಿಳಿಯದು. ಆ ಬಾಯಿಗೆ ಒಂದು ಸದ್ದುಮುರುಕವನ್ನು ಸಿಕ್ಕಿಸಿದರೆ ಗುಡುಗುಡು ದನಿಯು ಆಶ್ಚರ್ಯವಾಗುವಷ್ಟು ತಗ್ಗುವುದು.

ಪೆಟ್ಟಿಗೆ ಮಾಡಿಸಿ ಮುಚ್ಚುವವರೂ ಇರುವರು. ಅರಸೀಕೆರೆಯ ಸೀಮೆಯಲ್ಲಿ ತೆಂಗಿನ ನಾರಿಗೆ ಬರವಿಲ್ಲವಷ್ಟೆ. ನಾರಿನ ದಪ್ಪ ಚಾಪೆಯು ಚೀರುದನಿಯನ್ನು ಚೆನ್ನಾಗಿ ಹೀರಿಕೊಳ್ಳುವುದೆಂಬುದು ನಿಜ. ಆದರೆ ಹೀರುವುದು ಬೇರೆ, ತಡೆಯುವುದು ಬೇರೆ. ಸದ್ದನ್ನು ತಡೆಯುವುದು ಭಾರ. ಇಟ್ಟಿಗೆ, ಕಲ್ಲು, ದಪ್ಪ ಹಲಗೆ. ಒಳಮೈಗೆ ನಾರು, ಹೊರಮೈಗೆ ಭಾರ ಎರಡೂ ಸೇರಿದರೆ ಮಾತ್ರ ಪೆಟ್ಟಿಗೆಯಿಂದ ಪ್ರಯೋಜನ. ಬರಿಯ ನಾರಿನ ಚಾಪೆಯನ್ನು ಹೊದಿಸಿ ಸದ್ದು ನಿಲ್ಲಲಿಲ್ಲವೆಂದು ಕೊರಗುವುದು ವ್ಯರ್ಥ. ಮತ್ತೊಂದು ಅಪಾಯವುಂಟು. ಒಂದು ಕುದುರೆಶಕ್ತಿಯ ಮೋಟಾರು ಎಳೆಯುವ 750 ವ್ಯಾಟಿನಲ್ಲಿ ಬಹುತೇಕ ಎಲ್ಲವೂ ಶಾಖವಾಗಿ ಹೊರಬೀಳುವುದು. ಇಸ್ತ್ರಿಪೆಟ್ಟಿಗೆಯೊಂದನ್ನು ಹೊತ್ತಿಸಿ ಒಳಗಿಟ್ಟು ಬಾಗಿಲು ಮುಚ್ಚಿದಂತೆಯೇ ಸರಿ. ಗಾಳಿಯಾಡಲು ಕೆಳಗೊಂದು ಮೇಲೊಂದು ಅಂಕುಡೊಂಕಾದ ಕಿಂಡಿಯನ್ನೂ ಒಂದು ಸಣ್ಣ ಬೀಸಣಿಗೆಯನ್ನೂ ಇಡದಿದ್ದರೆ ಮೋಟಾರು ಸುಡುವುದು. ನಾರು ಬಿಸಿಯಾದ ತಲೆಭಾಗಕ್ಕೆ ತಗುಲಿದರೆ ಬೆಂಕಿಯೇ ಹತ್ತಬಹುದು.

ಕೆಲವರು ಹಿತ್ತಲಿನಲ್ಲಿ ಇಟ್ಟಿಗೆಯ ಚಿಕ್ಕ ಕೋಣೆಯನ್ನೇ ಕಟ್ಟಿಸುವ ಯೋಚನೆ ಮಾಡುವರು. ಬೇಲೂರು ಹಳೇಬೀಡುಗಳ ವಾಚಕರು ಇಲ್ಲಿ ಎಚ್ಚರವಾಗಿರಬೇಕು. ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರು ತನಕ ಹೊಸ ಕಟ್ಟಡವು ನಿಷಿದ್ಧ; ಅದರಾಚೆಗೆ ಇನ್ನೂ 200 ಮೀಟರು ತನಕ ಅನುಮತಿಯಿಲ್ಲದೆ ಕಟ್ಟಕೂಡದು; 2010ರ ತಿದ್ದುಪಡಿಯಿಂದ ಈ ನಿಯಮವು ಬಿಗಿಯಾಗಿದೆ. ಗುಡಿಯ ನೆರಳಿನಲ್ಲಿರುವ ಮನೆಯವರಿಗೆ ಎತ್ತಿಡಬಹುದಾದ ಮರದ ಪೆಟ್ಟಿಗೆಯೇ ಗತಿ.

ಕೊಳವೆಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ತೋಟಕ್ಕೆ ನೀರು ಹಾಯಿಸಿ ಮಿಕ್ಕ ಬಿಳಿಯ ಪಿವಿಸಿ ಕೊಳವೆಯು ಯಾರ ಮನೆಯ ಹಿತ್ತಲಿನಲ್ಲಿಯೂ ಬಿದ್ದಿರುವುದು; ಅದನ್ನು ಗಾಳಿಗೆ ಸರ್ವಥಾ ಉಪಯೋಗಿಸಕೂಡದು. ನೀರಿನ ಒತ್ತಡದಲ್ಲಿ ಒಡೆದರೆ ಅದು ಸೋರುವುದು. ಗಾಳಿಯ ಒತ್ತಡದಲ್ಲಿ ಒಡೆದರೆ ಚೂರು ಚೂರಾಗಿ ಬಾಣಗಳಂತೆ ಹಾರುವುದು. ಹಾಗೆಯೇ ಮೈಮೇಲಿನ ಧೂಳನ್ನು ಗಾಳಿಕೊಳವೆಯಿಂದ ಊದಿಕೊಳ್ಳುವ ಚಾಳಿ ಹುಡುಗರಲ್ಲಿ ಕಂಡುಬರುವುದು. ಕಣ್ಣಿಗೂ ಕಿವಿಗೂ ಅದರಿಂದ ಭಯಂಕರ ಅಪಾಯವುಂಟು. ಕಲ್ಲಿನ ಪುಡಿಯನ್ನು ಊದಿದರಂತೂ ಅದು ಕೋಣೆಯ ಗಾಳಿಯಲ್ಲೆಲ್ಲ ತೇಲಿ ಶ್ವಾಸಕೋಶಕ್ಕೆ ಇಳಿಯುವುದು. ಕೆಲವು ಕಲ್ಲುಗಳಲ್ಲಿ ಸ್ಫಟಿಕಾಂಶವೂ ನಾರುಖನಿಜವೂ ಬೆರೆತಿರುವುದುಂಟು. ಒದ್ದೆ ಬಟ್ಟೆಯಿಂದ ಒರಸುವುದೇ ಕ್ಷೇಮ.

ಹಂಡೆಯ ತಳದಲ್ಲಿ ಒಂದು ತಿರುಪು ಇರುವುದು, ನೀರು ಬಿಡುವುದಕ್ಕೆ. ಬಯಲುಸೀಮೆಯ ಅರಸೀಕೆರೆಯಲ್ಲಿ ಬೇಸಗೆಯ ದಿನಗಳಲ್ಲಿ ಅದನ್ನು ಮರೆತರೂ ನಡೆಯಬಹುದು. ಮಲೆನಾಡಿನ ಅಂಚಿನ ಬೇಲೂರಿನ ಆಷಾಢದಲ್ಲಿ ಮರೆಯುವಂತಿಲ್ಲ. ಅಂಥ ಒದ್ದೆ ಹವೆಯಲ್ಲಿ ಒಂದು ಘನ ಮೀಟರು ಗಾಳಿಯೊಳಗೆ ಸುಮಾರು 18 ಗ್ರಾಂ ನೀರಾವಿ ಅಡಗಿರುವುದು. 8 ಕಿಲೋ ಒತ್ತಿ ತಣಿಸಿದರೆ ಅದರಲ್ಲಿ 15 ಗ್ರಾಂ ನೀರಾಗಿ ಇಳಿಯುವುದು. 4 ಘನ ಅಡಿಯ ಯಂತ್ರವು ಒಂದು ಗಂಟೆ ಓಡಿದರೆ ಅರ್ಧ ಲೋಟ ನೀರು. ದಿನವೂ ಬಿಡದಿದ್ದರೆ ಹಂಡೆಯು ಒಳಗಿನಿಂದ ತುಕ್ಕು ಹಿಡಿದು ತೆಳ್ಳಗಾಗುವುದು, ಬಣ್ಣದಲ್ಲಿ ನೀರಿನ ಗುಳ್ಳೆಗಳು ಏಳುವುವು.

ಸಂಜೆಯ ಹೊತ್ತು ವೋಲ್ಟೇಜು ಇಳಿಯುವ ಹಳ್ಳಿಗಳಲ್ಲಿ ಮೋಟಾರು ಹೊರಡಲಾರದೆ ಹೂಂಕರಿಸುವುದುಂಟು. ಹೊರಡುವಾಗ ಅದು ಓಡುವಾಗಿನದಕ್ಕಿಂತ ಐದಾರು ಪಾಲು ವಿದ್ಯುತ್ತನ್ನು ಬೇಡುವುದರಿಂದ ಹೀಗಾಗುವುದು. ನಿಂತೊಡನೆ ಕೊಳವಿಯೊಳಗಿನ ಒತ್ತಡವನ್ನು "ಸುಸ್" ಎಂದು ಬಿಟ್ಟುಕೊಡುವ ಕವಾಟ ಇರುವ ಯಂತ್ರವನ್ನೇ ಆರಿಸಿರಿ. ಆ ಸುಸ್ ಸದ್ದನ್ನು ದೋಷವೆಂದು ಯಾರೂ ತಿಳಿಯದಿರಲಿ.

ನೆರೆಯವರ ಕಿವಿಯನ್ನು ಕುರಿತು ಇಷ್ಟು ಬರೆದು ಕೆಲಸಗಾರನ ಕಿವಿಯನ್ನು ಬಿಟ್ಟರೆ ಅನ್ಯಾಯವಾದೀತು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಕೂಡದೆಂದೂ, 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿಯನ್ನು ಅರ್ಧ ಮಾಡಬೇಕೆಂದೂ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಲಹೆ. 91 ಡೆಸಿಬೆಲಿಗೆ 2 ಗಂಟೆ ಮಾತ್ರ. ಒಳಗಿವಿಯ ಸೂಕ್ಷ್ಮವಾದ ಕೂದಲಿನಂತಹ ಕಣಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟವು. ಕೆಲವೇ ರೂಪಾಯಿಗಳ ಕಿವಿಬೆಣೆಯನ್ನು ಯಂತ್ರದ ಪಕ್ಕದಲ್ಲಿಯೇ ಒಂದು ಮೊಳೆಗೆ ತೂಗುಹಾಕಿರಲಿ. ಆ ಹೊತ್ತಿನಲ್ಲಿ ತೊಟ್ಟಿಲ ಮಗುವನ್ನು ಆ ಕೋಣೆಯ ಹತ್ತಿರ ಮಲಗಿಸಬಾರದು.

ಹಳೆಯ ಯಂತ್ರವನ್ನು ಕೊಳ್ಳುವವರು ಮೇಲಿನ ಹೊಸ ಬಣ್ಣಕ್ಕೆ ಮರುಳಾಗದೆ ತಳದ ತಿರುಪನ್ನು ತಾವೇ ಬಿಚ್ಚಿ ನೋಡಲಿ. ಸ್ವಲ್ಪ ಕಂದಿದ ನೀರು ಬಂದರೆ ಚಿಂತೆಯಿಲ್ಲ. ತುಕ್ಕಿನ ಹಕ್ಕಳೆಗಳು ಉದುರಿದರೆ, ಇಲ್ಲವೆ ಹಂಡೆಯ ಮೈಯಲ್ಲಿ ಎಲ್ಲಿಯಾದರೂ ಬೆಸುಗೆಯ ತೇಪೆ ಕಂಡರೆ, ಎಷ್ಟೇ ಅಗ್ಗವಾಗಿದ್ದರೂ ಅಲ್ಲಿಯೇ ಬಿಟ್ಟುಬರಲಿ.